ಸಿಐಡಿಪಿ ಶಂಕೆಯಿರುವಾಗ ನರಕ್ಕೆ ಅಲ್ಟ್ರಾಸೌಂಡ್ ಏಕೆ? ನೇರವಾಗಿ ಎಂಆರ್‌ಐ ಮಾಡಿಸಬಾರದೇ?

ತಮ್ಮ ತಂದೆಯವರಿಗೆ ಸಿಐಡಿಪಿ, ಅಂದರೆ ನರಗಳ ಮಯಲಿನ್ ಹೊದಿಕೆಯನ್ನು ಹಾಳುಗೆಡವುವ ದೀರ್ಘಕಾಲದ ಉರಿಯೂತ, ಇರಬಹುದೆಂದು ವೈದ್ಯರು ಹೇಳಿದ್ದು, ಎನ್‌ಸಿವಿ, ಅಂದರೆ ನರದಲ್ಲಿ ಸಂಕೇತ ಹರಿಯುವ ವೇಗದ ಪರೀಕ್ಷೆ, ಮುಗಿದ ಮೇಲೂ ಕುತ್ತಿಗೆ ಮತ್ತು ತೋಳಿನ ಅಲ್ಟ್ರಾಸೌಂಡ್ ಬರೆದುಕೊಟ್ಟಿದ್ದೇಕೆಂದು ಕೇಳಿದ್ದೀರಿ. ನಾನು ರೇಡಿಯಾಲಜಿ ವೈದ್ಯ; ನರಗಳ ಸ್ಕ್ಯಾನಿಂಗ್ ನನ್ನ ದಿನನಿತ್ಯದ ಕೆಲಸ.

ನಾವು ಆಡುಮಾತಿನಲ್ಲಿ ರಕ್ತನಾಳವನ್ನೂ ನರವೆಂದೇ ಕರೆಯುವುದರಿಂದ, ಕೈಮೇಲೆ ಉಬ್ಬಿದ ರಕ್ತನಾಳವನ್ನು ತೋರಿಸಿ 'ನರ ದಪ್ಪವಾಗಿದೆ' ಎನ್ನುವವರು ಬಹಳ. ಇಲ್ಲಿ ಅಳೆಯುವುದು ಅದನ್ನಲ್ಲ, ಒಳಗಿರುವ ಸಂವೇದನೆ ಮತ್ತು ಚಲನೆಯ ನರಗಳನ್ನು. ಈ ಕಾಯಿಲೆಯಲ್ಲಿ ಮಯಲಿನ್ ಮತ್ತೆ ಮತ್ತೆ ಕಳಚಿ ಬೆಳೆಯುವಾಗ ನಾರುಗಳ ಸುತ್ತ ಈರುಳ್ಳಿಯಂತೆ ಪದರ ಕಟ್ಟುತ್ತದೆ. ಜೊತೆಗೆ ಊತವೂ ಸೇರಿ ನರ ಅಲ್ಲಲ್ಲಿ ದಪ್ಪಗಾಗುತ್ತದೆ. ಎನ್‌ಸಿವಿ ನರದಲ್ಲಿ ಸಂಕೇತ ಹರಿಯುವ ವೇಗವನ್ನು ತಿಳಿಸುತ್ತದೆಯೇ ಹೊರತು ಈ ದಪ್ಪವನ್ನಲ್ಲ, ಮತ್ತು ಕುತ್ತಿಗೆಯ ಬಳಿಯ ನರಬೇರುಗಳನ್ನು ಅದರಿಂದ ಪರೀಕ್ಷಿಸುವುದು ಕಷ್ಟ.

ಯುರೋಪಿಯನ್ ಅಕಾಡೆಮಿ ಆಫ್ ನ್ಯೂರಾಲಜಿ ಮತ್ತು ಪೆರಿಫೆರಲ್ ನರ್ವ್ ಸೊಸೈಟಿಗಳು 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಎನ್‌ಸಿವಿಯಿಂದ ಕಾಯಿಲೆ ಖಚಿತವಾಗದೆ 'ಇರಬಹುದು' ಎಂಬಲ್ಲಿಗೇ ನಿಂತಾಗ ವಯಸ್ಕರಿಗೆ ಅಲ್ಟ್ರಾಸೌಂಡ್ ಮಾಡಿಸುವುದು ಸೂಕ್ತ. ತೋಳಿನುದ್ದಕ್ಕೂ ಸಾಗಿ ಅಂಗೈಗೆ ಹೋಗುವ ಮೀಡಿಯನ್ ನರದ ಅಡ್ಡಸೀಳಿನ ವಿಸ್ತೀರ್ಣ ಮುಂದೋಳಿನಲ್ಲಿ 10 ಚದರ ಮಿಲಿಮೀಟರ್, ಮೇಲ್ತೋಳಿನಲ್ಲಿ 13, ಕುತ್ತಿಗೆಯ ನರಬೇರುಗಳಲ್ಲಿ 12 ಮೀರಿದ್ದು, ಇಂತಹ ಹಿಗ್ಗುವಿಕೆ ಕನಿಷ್ಠ ಎರಡು ಕಡೆ ಕಂಡರೆ ಶಂಕೆಗೆ ಬಲ ಬರುತ್ತದೆ. ಮಣಿಕಟ್ಟಿನ ಅಳತೆಯನ್ನು ಮಾತ್ರ ಇದಕ್ಕೆ ಲೆಕ್ಕ ಹಿಡಿಯುವಂತಿಲ್ಲ. ಅಲ್ಲಿ ನರ ಹಾದುಹೋಗುವ ಕಾರ್ಪಲ್ ಟನಲ್ ಎಂಬ ಇಕ್ಕಟ್ಟಾದ ದಾರಿಯ ಒತ್ತಡದಿಂದಲೇ ನರ ಊದಿಕೊಂಡಿರುವುದು ತೀರ ಸಾಮಾನ್ಯ. ಎನ್‌ಸಿವಿಯಲ್ಲೇ ರೋಗ ಸ್ಪಷ್ಟವಾಗಿದ್ದಿದ್ದರೆ ಈ ಸ್ಕ್ಯಾನ್‌ಗೆ ನಾನು ಒತ್ತಾಯಿಸುತ್ತಿರಲಿಲ್ಲ.

ನರ ದಪ್ಪವಿದ್ದ ಮಾತ್ರಕ್ಕೆ ಸಿಐಡಿಪಿ ಎಂದೂ ತೀರ್ಮಾನಿಸಲಾಗದು. ಶಾರ್ಕೋ-ಮರಿ-ಟೂತ್ ಎಂಬ ವಂಶವಾಹಿ ಕಾಯಿಲೆಯ ಮಯಲಿನ್ ಕೆಡುವ ಬಗೆಯಲ್ಲಿ ನರಗಳು ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮನೆ ದಪ್ಪವಿರುತ್ತವೆ. ಭಾರತದಲ್ಲಿ ಕುಷ್ಠರೋಗವನ್ನೂ ಮರೆಯುವಂತಿಲ್ಲ: ಮೊಣಕೈಗಿಂತ ತುಸು ಮೇಲೆ, ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರ, ಅದೂ ಒಂದು ಕೈಯಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ ಎಂಬಂತೆ ಉಬ್ಬಿದ್ದರೆ, ನಾನು ಸ್ಪರ್ಶಜ್ಞಾನವಿಲ್ಲದ ಮಚ್ಚೆಗಳೇನಾದರೂ ಇವೆಯೇ ಎಂದು ಕೇಳದೆ ವರದಿ ಬರೆಯುವುದಿಲ್ಲ. ಕುಷ್ಠಕ್ಕೆ ಬೇಕಾದದ್ದು ಬೇರೆಯೇ ಔಷಧವಾದ್ದರಿಂದ ಇಲ್ಲಿ ತಪ್ಪಿದರೆ ನಷ್ಟ ದೊಡ್ಡದು.

ಎಂಆರ್‌ಐಯನ್ನು ಅದೇ ಮಾರ್ಗಸೂಚಿ ಎರಡನೆಯ ಆಯ್ಕೆಯಾಗಿಟ್ಟಿದೆ. ಅಲ್ಟ್ರಾಸೌಂಡ್ ಲಭ್ಯವಿಲ್ಲದಿದ್ದರೆ ಅಥವಾ ಅದರಿಂದ ಏನೂ ತಿಳಿಯದಿದ್ದರೆ ಅದನ್ನು ಪರಿಗಣಿಸಬಹುದು. ಕೊಬ್ಬಿನ ಹೊಳಪನ್ನು ಅಡಗಿಸುವ ವಿಧಾನದಲ್ಲಿ ತೆಗೆದಾಗ ಊದಿದ ನರಬೇರುಗಳು ಬೆಳ್ಳಗೆ ಎದ್ದು ಕಾಣುತ್ತವೆ. ಆದರೆ ಖರ್ಚು ಹೆಚ್ಚು, ಬಹಳ ಹೊತ್ತು ಅಲುಗಾಡದೆ ಮಲಗಬೇಕು, ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು.

ವರದಿಯಲ್ಲಿ ದಪ್ಪವೆಂದು ಬಂದರೂ ಗಾಬರಿಯಾಗಬೇಡಿ. ದಪ್ಪಕ್ಕೂ ನಿಶ್ಶಕ್ತಿಗೂ ನೇರ ಲೆಕ್ಕವಿಲ್ಲ. ಚಿಕಿತ್ಸೆಯಿಂದ ನಡಿಗೆ ಸುಧಾರಿಸಿದ ಎಷ್ಟೋ ರೋಗಿಗಳ ನರ ಮೊದಲಿನಷ್ಟೇ ದಪ್ಪ ಉಳಿದಿರುತ್ತದೆ. ಸ್ಕ್ಯಾನ್‌ಗೆ ಹೋಗುವಾಗ ಎನ್‌ಸಿವಿ ವರದಿಯನ್ನು ಕೊಂಡೊಯ್ಯಿರಿ, ಮತ್ತು ಯಾವ ನರವನ್ನು ಯಾವ ಜಾಗದಲ್ಲಿ ಅಳೆದರೆಂಬುದನ್ನು ಅಂಕಿಯ ಸಮೇತ ಬರೆದುಕೊಡಲು ಕೇಳಿ. ಮುಂದೊಮ್ಮೆ ಹೋಲಿಸಿ ನೋಡಬೇಕಾದಾಗ ಅದೇ ಜಾಗದ ಅಳತೆ ಬೇಕಾಗುತ್ತದೆ.