ರಾಜ್ಯ ಮಾಡಿದ್ದಕ್ಕ ಜಗಳ ಹತ್ತೈತೋ, 'ನೀ ಇಲ್ಲ್ಯಾವಲ್ಲ' ಅಂದಿದ್ದಕ್ಕೋ?

ಪ್ರಶ್ನೆ: ಸರ್, ನಾ ರಾಣೆಬೆನ್ನೂರಾಗ ಬಿಎ ಓದಾಕತ್ತೀನಿ. ನಮ್ಮಜ್ಜ ಏಕೀಕರಣ ಚಳವಳ್ಯಾಗ ಓಡಾಡಿದವ್ರು, ಭಾಷೆಗೊಂದು ರಾಜ್ಯ ಆಗಿದ್ದು ಚಲೋನ ಆತು ಅಂತಿದ್ರು. ಆದ್ರ ನೈಜೀರಿಯಾ, ಇಥಿಯೋಪಿಯಾ, ನಮ್ಮ ಮಣಿಪುರ ನೋಡಿದ್ರ ಜನಾಂಗಕ್ಕೊಂದು ರಾಜ್ಯ ಅಂದಿದ್ದಕ್ಕ ಹೊಡೆದಾಟ ಹುಟ್ಟೇತಿ ಅನಸ್ತೈತಿ. ಯಾವುದು ಖರೆ?

ಉತ್ತರ (ಧಾರವಾಡದ ರಾಜ್ಯಶಾಸ್ತ್ರ ಮಾಸ್ತರು): ನಿಮ್ಮಜ್ಜಾರು ಹೇಳಿದ್ದು ಖರೇನ ಐತಿ ತಮ್ಮಾ. ಸ್ವಾತಂತ್ರ್ಯಕ್ಕ ಮೊದ್ಲು ಧಾರವಾಡ ಮುಂಬೈ ಪ್ರಾಂತ್ಯಕ್ಕ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕ, ಸವಣೂರು ನವಾಬರಿಗೆ ಅಂತ ಕನ್ನಡ ನಾಡು ಹರಿದು ಹಂಚಿಹೋಗಿತ್ತು, 1953ರಾಗ ಅದರಗುಂಚಿ ಶಂಕರಗೌಡ್ರು ಉಪವಾಸ ಕುಂತಾಗ ಹುಬ್ಬಳ್ಳಿ ಸಿಟ್ಟಿಗೆದ್ದಿದ್ದು ಸುಮ್ನ ಅಲ್ಲ. ಆದ್ರ 1956ರಾಗ ರಾಜ್ಯ ಆದಮ್ಯಾಲೆ ಇಲ್ಲಿ ಮರಾಠಿ, ಉರ್ದು ಮಾತಾಡೋರನ್ನ ಹೊರಗಿನವ್ರು ಅಂತ ಯಾವ ಕಾನೂನೂ ಅನ್ನಲಿಲ್ಲ. ಹುಟ್ಟಿದ ಊರು ನೋಡಿ ಸರ್ಕಾರಿ ನೌಕರಿ ತಪ್ಪಿಸಂಗಿಲ್ಲ ಅಂತ ಸಂವಿಧಾನದ 16ನೇ ವಿಧಿ ಹೇಳತೈತಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳು ತಾಯ್ನುಡಿಯೊಳಗ ಪ್ರಾಥಮಿಕ ಸಾಲಿ ಕಲಿಯೋಕ ಅನುಕೂಲ ಮಾಡ್ರಿ ಅಂತ 350ಎ ವಿಧಿ ಹೇಳತೈತಿ. ಫರಕು ಇಲ್ಲೇ ಐತಿ.

ನೈಜೀರಿಯಾದಾಗ ಏನಾತು ನೋಡ್ರಿ. ಅಲ್ಲಿ 'ಈ ನೆಲದ ಮೂಲದವ' ಅಂತ ಲೋಕಲ್ ಸರ್ಕಾರದ ಆಫೀಸು ಒಂದು ಸರ್ಟಿಫಿಕೇಟ್ ಕೊಡತೈತಿ, ನಮ್ಮ ಮಂದಿ ನಾಡಕಚೇರಿ ಮುಂದ ಪಾಳಿ ಹಚ್ಚತಾರಲ್ಲ ಹಂಗ ಅಲ್ಲೂ ಹಚ್ಚಬೇಕು. ರಾಜ್ಯದ ನೌಕರಿ, ಸ್ಕಾಲರ್‌ಶಿಪ್, ಕಾಲೇಜ್ ಸೀಟು ಎಲ್ಲಾದಕ್ಕೂ ಅದು ಬೇಕು. ಜೋಸ್ ಪಟ್ಟಣದಾಗ ಹೌಸಾ ಮಂದಿ ತಲೆಮಾರುಗಳಿಂದ ಅದಾರ, ಅಜ್ಜ ಅಪ್ಪ ಅಲ್ಲೇ ಹುಟ್ಟಿ ಅಲ್ಲೇ ಸತ್ತಾರ, ಆದ್ರೂ ಅಲ್ಲಿಯ ಮೂಲದವ್ರು ಅನ್ನಿಸಿಕೊಳ್ಳೋ ಬೆರೋಮ್ ಮಂದಿ ಲೆಕ್ಕದಾಗ ಅವ್ರು ಬಂದು ನೆಲೆಸಿದವ್ರು, ಸರ್ಟಿಫಿಕೇಟ್ ಸಿಗೋದು ಕಷ್ಟ. ಬೆರೋಮ್ ಮಂದೀಗೂ ನಮ್ಮ ಭೂಮಿ ಹೋದೀತು ಅನ್ನೋ ಅಂಜಿಕಿ, ಅದನ್ನ ಸುಳ್ಳು ಅನ್ನಾಕ ಬರೂದಿಲ್ಲ. ಇದಕ್ಕ 2001ರ ಸೆಪ್ಟೆಂಬರ್‌ದಾಗ ಜೋಸ್‌ನಾಗ ಹೊಡೆದಾಟ ಆಗಿ ನೂರಾರು ಮಂದಿ ಸತ್ರು. ಹೊಸ ರಾಜ್ಯ ಮಾಡಿದ್ರ ಇಂಥಾ ಜಗಳ ಸರಿಹೋದೀತು ಅಂತ ಹಿಂದಕ 1967ರಾಗನ 4 ಪ್ರಾಂತ್ಯ ಒಡೆದು 12 ರಾಜ್ಯ ಮಾಡಿದ್ರು, ಈಗ 36 ಅದಾವು, ಒಂದೊಂದರಾಗೂ ಹೊಸದಾಗಿ 'ಹೊರಗಿನವ್ರು' ಹುಟ್ಟಿಕೊಂಡ್ರು.

ಇಥಿಯೋಪಿಯಾದ 1995ರ ಸಂವಿಧಾನ ಜನಾಂಗಗಳಿಗೆ ದೇಶ ಬಿಟ್ಟು ಬ್ಯಾರೆ ಆಗೋ ಹಕ್ಕನ್ನೂ ಬರೆದುಕೊಟ್ಟೈತಿ, 39ನೇ ವಿಧಿ. ಗುರುತಿನ ಚೀಟಿ ಮ್ಯಾಲೂ ಜನಾಂಗದ ಹೆಸರು ಬರೀತಿದ್ರು, ತಿಗ್ರಾಯ್ ಪ್ರಾಂತ್ಯದ ಜೋಡಿ ಸರ್ಕಾರದ ಯುದ್ಧ ನಡೆದಿದ್ದ 2021ರಾಗ ರಾಜಧಾನಿ ಅಡಿಸ್ ಅಬಾಬಾದಾಗ ತಿಗ್ರಾಯ್ ಮಂದೀನ ಹಿಡ್ಯಾಕ ಪೊಲೀಸ್ರಿಗೆ ಅದೂ ಉಪಯೋಗಕ್ಕ ಬಂತು.

ಮಣಿಪುರದ ಮಾತು ಹೇಳೋಕ ಹೊಟ್ಟಿ ಉರೀತೈತಿ. ವಿಧಾನಸಭೆಯ 60 ಸೀಟಿನಾಗ 40 ಕಣಿವ್ಯಾಗ, ಗುಡ್ಡದಾಗ 20. ಕಣಿವಿ ಮೈತೇಯಿಗಳಿಗೆ ಗುಡ್ಡದಾಗ ಜಾಗ ತಗೊಳ್ಳಾಕ ಬರೂದಿಲ್ಲ ಅನ್ನೋ ಸಂಕಟ, ಗುಡ್ಡದ ಕುಕಿಗಳಿಗೆ ಮೈತೇಯಿಗಳಿಗೂ ಎಸ್‌ಟಿ ಸಿಕ್ರ ನಮ್ಮ ನೆಲ ಹೋತು ಅನ್ನೋ ಅಂಜಿಕಿ. ಇಬ್ಬರ ನಡುವ ನಿಂತು ಕಾಯಬೇಕಾದವ್ರೊಳಗ ರಾಜ್ಯದ ಪೊಲೀಸ್ರನ್ನ ಕುಕಿಗಳು ನಂಬದಂಗಾತು, ಕೇಂದ್ರದ ಪಡೆ ಅಸ್ಸಾಂ ರೈಫಲ್ಸ್‌ನ ಮೈತೇಯಿಗಳು ನಂಬದಂಗಾತು, ಪೊಲೀಸ್ರ ಶಸ್ತ್ರಾಗಾರದಿಂದನ ಬಂದೂಕು ಲೂಟಿ ಆದ್ವು. 2023ರ ಮೇ 3ಕ್ಕ ಬೆಂಕಿ ಹತ್ತಿತು, ರಾಷ್ಟ್ರಪತಿ ಆಳ್ವಿಕೆ ಬಂದಿದ್ದು 2025ರ ಫೆಬ್ರವರಿ 13ಕ್ಕ. ಅಷ್ಟರಾಗ 200ಕ್ಕೂ ಹೆಚ್ಚು ಮಂದಿ ಸತ್ತಿದ್ರು, ಸುಮಾರು 60,000 ಮಂದಿ ಮನಿ ಬಿಟ್ಟು ಓಡಿದ್ರು. 21 ತಿಂಗಳು ಯಾಕ ಬೇಕಾತು, ಇದನ್ನ ನಿಮ್ಮ ಕ್ಲಾಸಿನಾಗೂ ಕೇಳ್ರಿ.