ಈಜಿಪ್ಟಿನ ಮಮ್ಮಿಗಳ ಹಿಂದೆ ಕಳೆದುಹೋದ ರಹಸ್ಯ ರಾಸಾಯನಿಕ ಇತ್ತಾ?

ನೀವು ಕೇಳಿದ್ದು ಎರಡು. ಮಮ್ಮಿ ಮಾಡಲು ಈಜಿಪ್ಟಿನವರು ಬಳಸಿದ ರಾಸಾಯನಿಕ ಇವತ್ತಿಗೂ ವಿಜ್ಞಾನಿಗಳಿಗೆ ಗೊತ್ತಾಗಿಲ್ಲವಂತೆ, ನಿಜವಾ? ಮತ್ತೆ, ಬೆಂಗಳೂರಿನಿಂದ ಹತ್ತಿರದಲ್ಲಿ ಎಲ್ಲಾದರೂ ಮಮ್ಮಿ ನೋಡಬಹುದಾ?

ಮೊದಲನೆಯದು ನಿಜವಲ್ಲ. ಮುಖ್ಯ ಕೆಲಸ ಮಾಡಿದ್ದು ಉಪ್ಪು.

ನಾನು ಕರಾವಳಿಯವನು. ಮಳೆಗಾಲಕ್ಕೆ ಮುಂಚೆ ನಮ್ಮಜ್ಜಿ ಬಂಗುಡೆಯ ಹೊಟ್ಟೆ ಸೀಳಿ, ಕರುಳು ತೆಗೆದು, ಒಳಗೂ ಹೊರಗೂ ಕಲ್ಲುಪ್ಪು ತಿಕ್ಕಿ ಮಡಕೆಯಲ್ಲಿ ಪೇರಿಸಿಡುತ್ತಿದ್ದರು. ಮಾರನೇ ದಿನ ನೋಡಿದರೆ ಮಡಕೆಯ ತಳದಲ್ಲಿ ನೀರು ನಿಂತಿರುತ್ತಿತ್ತು. ಹಾಕಿದವರು ಯಾರೂ ಇಲ್ಲ, ಅಷ್ಟೂ ಮೀನಿನ ಮೈಯಿಂದಲೇ ಇಳಿದದ್ದು. ಆಮೇಲೆ ನಾಲ್ಕು ಬಿಸಿಲು ಕಂಡರೆ ಮೀನು ಕಟ್ಟಿಗೆ ತರಹ ಗಟ್ಟಿ. ದೇಹ ಕೊಳೆಯೋದು ಬ್ಯಾಕ್ಟೀರಿಯಾದಿಂದ ಮತ್ತು ನಮ್ಮದೇ ಮೈಯೊಳಗಿನ ಕಿಣ್ವಗಳಿಂದ. ಎರಡಕ್ಕೂ ನೀರು ಬೇಕು. ನೀರು ತೆಗೆದರೆ ಕೊಳೆಯೋದು ನಿಲ್ಲುತ್ತದೆ.

ಈಜಿಪ್ಟಿನವರ ಉಪ್ಪಿನ ಹೆಸರು ನ್ಯಾಟ್ರಾನ್. ಕೈರೋದ ವಾಯವ್ಯಕ್ಕಿರುವ ವಾದಿ ನತ್ರೂನ್ ಎಂಬ ತಗ್ಗಿನಲ್ಲಿ ಕೆರೆಗಳು ಬತ್ತಿದಾಗ ಬಿಳಿ ಹೆಪ್ಪಾಗಿ ಸಿಗುತ್ತದೆ. ಒಳಗಿರೋದು ವಾಷಿಂಗ್ ಸೋಡಾ, ಅಡುಗೆ ಸೋಡಾ, ಜೊತೆಗೆ ಮಾಮೂಲಿ ಉಪ್ಪು. ನಮ್ಮಲ್ಲಿ ಹಿಂದೆ ಬಟ್ಟೆ ಒಗೆಯಲು ಬಳಸುತ್ತಿದ್ದ ಸವಳು ಮಣ್ಣಿನ ನೆಂಟ ಅಂದ್ಕೊಳ್ಳಿ. ಬರೀ ಉಪ್ಪು ನೀರನ್ನಷ್ಟೇ ಹೀರುತ್ತದೆ. ಇದು ಕ್ಷಾರವೂ ಆಗಿರೋದರಿಂದ ಕೊಬ್ಬನ್ನೂ ಒಡೆಯುತ್ತದೆ.

ಇದನ್ನು ಮಾಡಿಯೂ ನೋಡಿದ್ದಾರೆ. 1994ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಈಜಿಪ್ಟ್ ತಜ್ಞ ಬಾಬ್ ಬ್ರಯರ್ ಮತ್ತು ಅಂಗರಚನಾ ತಜ್ಞ ರಾನ್ ವೇಡ್ ಅವರು ವಿಜ್ಞಾನಕ್ಕೆ ದಾನವಾಗಿ ಬಂದ ಒಂದು ದೇಹವನ್ನು ಹಳೇ ಪದ್ಧತಿಯಲ್ಲೇ ಮಮ್ಮಿ ಮಾಡಿದರು. ನ್ಯಾಟ್ರಾನನ್ನು ವಾದಿ ನತ್ರೂನಿನಿಂದಲೇ ತಂದಿದ್ದರು. ಇನ್ನೂರು ಕೆಜಿಗೂ ಜಾಸ್ತಿ ಬೇಕಾಯಿತು. 35 ದಿನ ಅದರಲ್ಲಿ ಹೂತಿಟ್ಟರು. ತೆಗೆದಾಗ ದೇಹ ಒಣಗಿತ್ತು, ಕೊಳೆತಿರಲಿಲ್ಲ. ಇನ್ನೊಂದು ವಿಷಯವೂ ತಿಳಿಯಿತು. ಮೆದುಳನ್ನು ಮೂಗಿನಿಂದ ಕೊಕ್ಕೆ ಹಾಕಿ ಎಳೆಯುತ್ತಿದ್ದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದ. ಕೊಕ್ಕೆಗೆ ಅದು ಸಿಕ್ಕಲೇ ಇಲ್ಲ. ಮಜ್ಜಿಗೆ ಕಡೆದ ಹಾಗೆ ಒಳಗೇ ಕಡೆದು, ತೆಳ್ಳಗೆ ಮಾಡಿ, ದೇಹವನ್ನು ಬೋರಲು ಮಲಗಿಸಿ ಮೂಗಿನಿಂದ ಬಸಿಯಬೇಕಾಯಿತು. ಪುಸ್ತಕ ಎಷ್ಟು ಓದಿದರೂ ಇದು ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಹಾಗಾದರೆ ಈ ರಹಸ್ಯದ ಮಾತು ಎಲ್ಲಿಂದ ಬಂತು? ಒಣಗಿಸಿದ ಮೇಲೆ ಹಚ್ಚುತ್ತಿದ್ದ ಎಣ್ಣೆ, ಅಂಟುಗಳಿಂದ. ಅವುಗಳ ಹೆಸರು ಹಳೇ ಬರಹಗಳಲ್ಲಿ ಇದ್ದವು, ವಸ್ತು ಯಾವುದು ಅನ್ನೋದು ಖಚಿತ ಇರಲಿಲ್ಲ. ಇಲ್ಲಿ ದೊಡ್ಡ ತಿರುವು ಕೊಟ್ಟದ್ದು ಕೈರೋ ಹತ್ತಿರದ ಪುರಾತನ ಸ್ಮಶಾನ ಸಕ್ಕಾರಾ. 2016ರಲ್ಲಿ ಪುರಾತತ್ವಜ್ಞ ರಮದಾನ್ ಹುಸೇನ್ ಅವರ ತಂಡಕ್ಕೆ ಅಲ್ಲಿ ನೆಲದಡಿಯ ಮಮ್ಮಿ ಕಾರ್ಯಾಗಾರವೇ ಸಿಕ್ಕಿತು. ಸುಮಾರು 2600 ವರ್ಷ ಹಳೆಯದು. ಮಡಕೆಗಳ ಮೇಲೆ ಹೆಸರು, ಕೆಲವದರ ಮೇಲೆ ಬಳಸುವ ವಿಧಾನವೂ ಇತ್ತು: "ತಲೆಗೆ ಹಚ್ಚಲು", "ವಾಸನೆ ಹಿತವಾಗಿಸಲು". ನಮ್ಮ ಅಡುಗೆಮನೆ ಡಬ್ಬಿಗಳ ಮೇಲೆ ಚೀಟಿ ಅಂಟಿಸುತ್ತೇವಲ್ಲ, ಹಾಗೆ.

31 ಮಡಕೆಗಳ ಒಳಗೆ ಅಂಟಿಕೊಂಡಿದ್ದ ಪಸೆಯನ್ನು ಜಿಸಿ-ಎಂಎಸ್ ಯಂತ್ರದಲ್ಲಿ ಪರೀಕ್ಷಿಸಿದರು. ಮಸಾಲೆ ಎಣ್ಣೆಗಳ ಲ್ಯಾಬ್‌ನಲ್ಲಿ ನಾನು ದಿನವಿಡೀ ಕೂರೋದು ಇದೇ ಯಂತ್ರದ ಮುಂದೆ. ಮಾದರಿಯನ್ನು ಬಿಸಿ ಮಾಡಿದರೆ ಆವಿ ಕೂದಲಿನಂಥ ಉದ್ದದ ನಳಿಕೆಯಲ್ಲಿ ಓಡುತ್ತದೆ. ಒಂದೊಂದು ಪದಾರ್ಥ ಒಂದೊಂದು ಹೊತ್ತಿಗೆ ಹೊರಬರುತ್ತದೆ. ಬಂದದ್ದನ್ನು ಯಂತ್ರ ಚೂರು ಮಾಡಿ ಚೂರುಗಳನ್ನು ತೂಗುತ್ತದೆ. ಪರದೆ ಮೇಲೆ ಮೊನೆಗಳ ಸಾಲು ಏಳುತ್ತದೆ, ಅದೇ ಆ ಪದಾರ್ಥದ ಗುರುತು. ಏಲಕ್ಕಿ ಎಣ್ಣೆಗೆ ಬೇರೇನಾದರೂ ಬೆರೆಸಿದ್ದರೆ ನಮಗೆ ಗೊತ್ತಾಗೋದು ಹೀಗೇ.

2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಓದಿ ರಾತ್ರಿ ನಿದ್ದೆ ಬರಲಿಲ್ಲ ನನಗೆ. "ಆಂಟಿಯು" ಎಂಬ ಪದಕ್ಕೆ ವಿದ್ವಾಂಸರು ಬಹುಕಾಲದಿಂದ ರಕ್ತಬೋಳ ಅಥವಾ ಅಂಥದೇ ಧೂಪ ಎಂದು ಅರ್ಥ ಹೇಳುತ್ತಿದ್ದರು. ಈ ಮಡಕೆಗಳಲ್ಲಿ ಇದ್ದದ್ದು ದೇವದಾರು ಜಾತಿಯ ಮರದ ಎಣ್ಣೆ, ಜುನಿಪರ್ ಅಥವಾ ಸೈಪ್ರೆಸ್ ಎಣ್ಣೆ, ಪ್ರಾಣಿಕೊಬ್ಬು ಸೇರಿದ ಮಿಶ್ರಣ. ಒಂದು ಪದದ ಅರ್ಥವನ್ನು ಮಡಕೆಯ ತಳದ ಪಸೆ ತಿದ್ದಿತು! ತಲೆಗೆ ಹಚ್ಚುವ ಮಿಶ್ರಣದಲ್ಲಿ ಪಿಸ್ತಾ ಜಾತಿಯ ಮರದ ಅಂಟು, ಹರಳೆಣ್ಣೆ ಎಲ್ಲ ಇದ್ದವು. ಇವುಗಳಲ್ಲಿ ಹಲವು ಬೂಷ್ಟು, ಬ್ಯಾಕ್ಟೀರಿಯಾ ತಡೆಯುವಂಥವು. ಡಾಮರ್ ಎಂಬ ಅಂಟು ಬಂದದ್ದು ಆಗ್ನೇಯ ಏಷ್ಯಾದ ಮಳೆಕಾಡಿನ ಮರಗಳಿಂದ ಎನ್ನುತ್ತಾರೆ. ನಮ್ಮ ಘಟ್ಟದ ಧೂಪದ ಮರವೂ ಅದೇ ಕುಟುಂಬದ್ದು. ಅಷ್ಟು ದೂರದಿಂದ ತರಿಸಬೇಕಾದರೆ ಯಾವುದು ಏನು ಮಾಡುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತಲೇ ನನ್ನ ನಂಬಿಕೆ. ಹುಸೇನ್ ಅವರು 2022ರಲ್ಲೇ ತೀರಿಕೊಂಡರು. ಪ್ರಕಟವಾದದ್ದನ್ನು ನೋಡಲಿಲ್ಲ ಅನ್ನೋದು ಈಗಲೂ ಬೇಸರ.

ಈಗ ಮಮ್ಮಿಯ ಬಟ್ಟೆ ಬಿಚ್ಚಬೇಕಾಗಿಯೂ ಇಲ್ಲ. ರಾಜ ಒಂದನೇ ಅಮೆನ್‌ಹೊಟೆಪ್‌ನ ಮಮ್ಮಿಯನ್ನು ಸಿಟಿ ಸ್ಕ್ಯಾನ್‌ನಲ್ಲೇ ನೋಡಿ, ಸತ್ತಾಗ ಸುಮಾರು 35 ವರ್ಷ, ಎತ್ತರ 169 ಸೆಂ.ಮೀ., ಹಲ್ಲು ಚೆನ್ನಾಗಿದ್ದವು, ಜೊತೆಗೆ 30 ತಾಯಿತಗಳಿವೆ ಎಂದು 2021ರಲ್ಲಿ ಹೇಳಿದರು. ಹೂಮಾಲೆ ಸಮೇತ ಆತ ಇದ್ದ ಹಾಗೇ ಇದ್ದಾನೆ. ಹೀಗೇ ಆಗಬೇಕು. ಅದು ಯಾರದ್ದೋ ದೇಹ, ಸುಮ್ನೆ ಕುತೂಹಲಕ್ಕೆ ಬಿಚ್ಚುವ ಗಂಟಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ರಾಜ್ಯ ಮ್ಯೂಸಿಯಂನಲ್ಲಿ ಒಂದು ಮಮ್ಮಿ ಇದೆ. ಹೋಗುವ ಮುಂಚೆ ಯಾವ ದಿನ ರಜೆ ಅಂತ ವಿಚಾರಿಸಿಕೊಳ್ಳಿ. ಹೋದಾಗ ಅದನ್ನಿಟ್ಟಿರುವ ಪೆಟ್ಟಿಗೆಯನ್ನೂ ಗಮನಿಸಿ. ಒಣಗಿದ್ದಕ್ಕೆ ತೇವದ ಗಾಳಿಯೇ ಶತ್ರು. ಆಷಾಢದಲ್ಲಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ನಮ್ಮಜ್ಜಿಯ ಒಣಮೀನೂ ಎರಡೇ ದಿನದಲ್ಲಿ ಮೆತ್ತಗಾಗಿ ಬೂಷ್ಟು ಹಿಡಿಯುತ್ತಿತ್ತು.