ಚಿಕ್ಕ ಮಕ್ಕಳನ್ನು ಸೇರಿಸಿಕೊಂಡು ಮನೆ ಮುಂದೆ ಹಳೇ ಸಾಮಾನು ಮಾರುವುದು ಹೇಗೆ?

ದಾವಣಗೆರೆ ವಿದ್ಯಾನಗರದಲ್ಲಿ ಮನೆ, 5 ಮತ್ತು 9 ವರ್ಷದ ಮಕ್ಕಳು, ಅಟ್ಟದ ತುಂಬ ಆಟಿಕೆ, ಬಟ್ಟೆ, ಚಿಕ್ಕ ಸೈಕಲ್ಲು. ಗುಜರಿಗೆ ಹಾಕದೆ ಮಕ್ಕಳ ಜೊತೆ ಕಾಂಪೌಂಡಿನಲ್ಲೇ ಮಾರಬಹುದೇ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾರಬಹುದು.

ಮೊದಲು ಮಕ್ಕಳ ಒಪ್ಪಿಗೆ ಆಗಲಿ. ಒಂದು ವಾರ ಮುಂಚೆಯೇ ಮೂರು ರಟ್ಟಿನ ಡಬ್ಬ ಇಡಿ: ಮಾರೋದು, ಇಟ್ಕೊಳ್ಳೋದು, ಇನ್ನೂ ಗೊತ್ತಿಲ್ಲ. ಯಾರ ಆಟಿಕೆಯೋ ಅವರೇ ಕೈಯಾರೆ ಹಾಕಲಿ. ಮಾರಿದ್ದು ವಾಪಸ್ ಬರಲ್ಲ ಅನ್ನೋದು 5 ವರ್ಷದ ಮಗುವಿಗೆ ಬರೀ ಮಾತಿನಲ್ಲಿ ತಿಳಿಯಲ್ಲ. ಬೇರೆ ಮಗು ಅದನ್ನು ಎತ್ತಿಕೊಂಡು ಹೊರಟಾಗಲೇ ಅಳು ಶುರು. ಆದ್ದರಿಂದ ಡಬ್ಬಗಳನ್ನು ಮುಚ್ಚದೆ, ಕಣ್ಣೆದುರೇ ಇಟ್ಟಿರಿ. ಮಾರಾಟದ ಹಿಂದಿನ ದಿನ, ಅಂದರೆ ಶನಿವಾರ ರಾತ್ರಿ ಮತ್ತೊಮ್ಮೆ ಕೇಳಿ. ಆಗಲೂ ಹಿಂದೆಮುಂದೆ ನೋಡಿದರೆ ಅದು ಮನೆಯಲ್ಲೇ ಉಳಿಯಲಿ. ಕೇಳದೆ ಒಂದು ಬೊಂಬೆ ಮಾರಿದರೂ ಮುಂದಿನ ಸಲ ಆ ಮಗು ಏನನ್ನೂ ಬಿಟ್ಟುಕೊಡಲ್ಲ.

ಒಂದೇ ಮನೆಯವರು ಮಾರಿದರೆ ಜನ ಸಂಕೋಚದಿಂದ ಗೇಟು ದಾಟಿ ಬರಲ್ಲ. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಸೇರಿ ‘ಮಕ್ಕಳ ಸಂತೆ’ ಅಂತ ಬೋರ್ಡು ಹಾಕಿ. ಶಾಲೆಗಳಲ್ಲಿ ಮಾಡುವುದರಿಂದ ಆ ಹೆಸರು ಎಲ್ಲರಿಗೂ ಗೊತ್ತು. ಶಾಲೆ ಶುರುವಾಗುವ ಮುಂಚಿನ, ಮೇ ನಡುವಿನ ಭಾನುವಾರ ಒಳ್ಳೆಯದು. ಬ್ಯಾಗು, ಸೈಕಲ್ಲು ಹುಡುಕುವವರು ಆಗಲೇ ಜಾಸ್ತಿ. ಬೆಳಿಗ್ಗೆ 7ರಿಂದ 10 ಸಾಕು. ಆಮೇಲೆ ನಮ್ಮೂರ ಬಿಸಿಲಿಗೆ ಮಕ್ಕಳೂ ನಿಲ್ಲಲ್ಲ, ಗಿರಾಕಿಯೂ ಬರಲ್ಲ. ಸಂಜೆಗೆ ಇಟ್ಟರೆ ಗಾಳಿ ಮಳೆಯ ಭಯ.

ಇಡುವ ಮೊದಲು ಪ್ರತಿಯೊಂದನ್ನೂ ಪರೀಕ್ಷಿಸಿ. ಆಟಿಕೆಯ ಬಟನ್ ಸೆಲ್ (ಗುಂಡಿಯಂಥ ಚಿಕ್ಕ ಬ್ಯಾಟರಿ) ತೆಗೆದಿಡಿ, ಮುಚ್ಚಳದ ಸ್ಕ್ರೂ ಬಿಗಿ ಮಾಡಿ. ನುಂಗಿದ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಹುದು. ಇದರಲ್ಲಿ ಉದಾಸೀನ ಬೇಡವೇ ಬೇಡ. ಬಿಡಿ ಅಯಸ್ಕಾಂತ, ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್, ಹಾಲಿನ ಬಾಟಲಿ, ಚಕ್ರದ ವಾಕರ್ ಇವನ್ನು ಮಾರಬೇಡಿ. ಸೈಕಲ್ಲಿಗೆ ಗಾಳಿ ತುಂಬಿಸಿ, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕ್ ಬಿಗಿ ಮಾಡಿಸಿ, ಚಕ್ರ 16 ಇಂಚೋ 20 ಇಂಚೋ ಚೀಟಿಯಲ್ಲಿ ಬರೆಯಿರಿ. ಪಂಕ್ಚರ್ ಆಗಿ ಮಲಗಿದ ಸೈಕಲ್ಲಿಗೆ ಗುಜರಿ ರೇಟನ್ನೇ ಕೇಳುತ್ತಾರೆ. ಪಝಲ್ ಬಿಲ್ಲೆಗಳನ್ನು ಎಣಿಸಿ ಕವರಿನಲ್ಲಿ ಕಟ್ಟಿ. ಬಟ್ಟೆ ಒಗೆದು, ಮಡಚಿ, ವಯಸ್ಸಿನ ಪ್ರಕಾರ ಜೋಡಿಸಿ. ಪಠ್ಯಪುಸ್ತಕದ ಮುದ್ರಣ ವರ್ಷ ನೋಡಿ. ಪಠ್ಯ ಬದಲಾಗಿದ್ದರೆ ರದ್ದಿಗೇ ಹಾಕಿ.

ಬೆಲೆ 10, 20, 50, 100 ಹೀಗೆ ದುಂಡಗಿರಲಿ. ಚೌಕಾಸಿ ಇದ್ದದ್ದೇ, ಹಾಗಾಗಿ 50ಕ್ಕೆ ಕೊಡುವುದಕ್ಕೆ 60 ಅಂತ ಬರೆಯಿರಿ. ಮಾಸ್ಕಿಂಗ್ ಟೇಪ್ ಹಚ್ಚಿ, ಒಬ್ಬೊಬ್ಬ ಮಗುವಿಗೆ ಒಂದೊಂದು ಬಣ್ಣದ ಪೆನ್ನಿನಲ್ಲಿ ಬೆಲೆ ಹಾಕಿ. ಪುಸ್ತಕಕ್ಕೆ ಮಾತ್ರ ಟೇಪ್ ಬೇಡ, ರಟ್ಟು ಕಿತ್ತು ಬರುತ್ತದೆ. ಮೊದಲ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದರಾಯಿತು.

ಚಿಲ್ಲರೆ 500 ರೂಪಾಯಿ ಇಟ್ಟುಕೊಳ್ಳಿ: 10ರ ನೋಟು 20, 20ರದ್ದು 10, 5ರ ನಾಣ್ಯ 20. ದುಡ್ಡು ದೊಡ್ಡವರ ಸೊಂಟದ ಚೀಲದಲ್ಲೇ ಇರಲಿ. ಫೋನ್‌ಪೇ ಮಾಡಿದೆವು ಅಂತ ಗಿರಾಕಿ ತೋರಿಸುವ ಸ್ಕ್ರೀನ್ ನಂಬದೆ, ನಿಮ್ಮ ಫೋನಿಗೆ ಹಣ ಬಂದದ್ದನ್ನು ನೋಡಿಯೇ ಸಾಮಾನು ಕೊಡಿ. ದೊಡ್ಡವರು ಇಬ್ಬರು ಬೇಕು: ಒಬ್ಬರು ದುಡ್ಡಿಗೆ, ಇನ್ನೊಬ್ಬರು ಗೇಟು ಮತ್ತು ಮಕ್ಕಳ ಕಡೆಗೆ. ಗೇಟು ತೆರೆದಿರುವುದರಿಂದ ಚಿಕ್ಕದು ರಸ್ತೆಗೆ ಓಡುವ ಅಪಾಯ ಜಾಸ್ತಿ. ಎಲ್ಲರೂ ಹೊರಗಿರುವಾಗ ಬೇರೆಯವರು ಒಳಗೆ ಹೋಗದಂತೆ ಮನೆಯ ಬಾಗಿಲಿಗಂತೂ ಬೀಗ ಹಾಕಿರಿ.

9 ವರ್ಷದ್ದು ನೋಟ್‌ಬುಕ್ಕಿನಲ್ಲಿ ಸಾಮಾನು, ಬೆಲೆ, ಬಣ್ಣ ಬರೆಯಲಿ. 5 ವರ್ಷದ್ದಕ್ಕೆ ಕವರ್ ಕೊಡುವ ಕೆಲಸ, ಅದೂ ಅರ್ಧ ಗಂಟೆ. ಆಮೇಲೆ ನೆರಳಲ್ಲಿ ಮಂಡಕ್ಕಿ, ಮಜ್ಜಿಗೆ ಕೊಟ್ಟು ಆಡಲು ಬಿಡಿ. 9.30ಕ್ಕೆ ಉಳಿದದ್ದೆಲ್ಲ ಅರ್ಧ ಬೆಲೆ ಅಂತ ಮಕ್ಕಳೇ ಕೂಗಿ ಹೇಳಲಿ. ಆಮೇಲೂ ಉಳಿದದ್ದನ್ನು ಅಟ್ಟಕ್ಕೆ ಏರಿಸಬೇಡಿ. ಚೆನ್ನಾಗಿರುವುದನ್ನು ಬೇಕೇ ಅಂತ ಕೇಳಿ ಹತ್ತಿರದ ಅಂಗನವಾಡಿಗೆ ಕೊಡಿ. ಮಧ್ಯಾಹ್ನದ ಊಟಕ್ಕೆ ಮುಂಚೆ ನೋಟ್‌ಬುಕ್ ನೋಡಿ, ಬಣ್ಣದ ಪ್ರಕಾರ ಲೆಕ್ಕ ಹಾಕಿ, ಮಕ್ಕಳ ದುಡ್ಡನ್ನು ಅವರ ಕೈಗೇ ಎಣಿಸಿ ಕೊಡಿ.